ಅಮಾಲ್ಫಿಯ ಹಳೆಯ ಹೆದ್ದಾರಿ ಕಡಲು

ಇಟಲಿಯ ಅಮಾಲ್ಫಿ ತೀರಕ್ಕೆ ಕುಟುಂಬದೊಡನೆ ನಾಲ್ಕು ದಿನ ಹೊರಡುವವರು ಮೊದಲು ಯೋಚಿಸುವುದು ಬಾಡಿಗೆ ಕಾರಿನ ಬಗ್ಗೆ. ಆದರೆ ಆ ತೀರದ ಊರುಗಳನ್ನು ಬೆಳೆಸಿದ್ದು ಕಡಲು. ರಸ್ತೆ ಬಂದದ್ದು ಬಹಳ ತಡವಾಗಿ. 10, 11ನೆಯ ಶತಮಾನಗಳಲ್ಲೇ ಅಮಾಲ್ಫಿಯ ವರ್ತಕರು ಕಾನ್‌ಸ್ಟಾಂಟಿನೋಪಲ್, ಈಜಿಪ್ಟ್‌ಗಳವರೆಗೆ ಹಡಗಿನಲ್ಲಿ ಹೋಗುತ್ತಿದ್ದರು. ಬೆನ್ನಿಗೆ ಕಡಿದಾದ ಬೆಟ್ಟ, ಉಳಲು ನೆಲವಿಲ್ಲ. ಹಾಗಾಗಿ ನೀರೇ ಅವರ ಹೆದ್ದಾರಿಯಾಯಿತು. 1135 ಮತ್ತು 1137ರ ಪೀಸಾದವರ ದಾಳಿಗಳು, 1343ರ ಭೀಕರ ಕಡಲುಬ್ಬರ ಆ ವೈಭವವನ್ನು ಮುರಿದವು. ಆದರೂ ಜನ ಕಲ್ಲುಗೋಡೆ ಕಟ್ಟಿ ನಿಂಬೆ ಬೆಳೆದರು, ಹರಿವ ನೀರಿನ ಬಲದಿಂದ ಕಾಗದದ ಗಿರಣಿ ನಡೆಸಿದರು, ಮೆಟ್ಟಿಲುಗಳಲ್ಲಿ ಹೊರೆ ಹೊತ್ತರು. ಬಂಡೆ ಕಡಿದು ಮಾಡಿದ ಗಾಡಿರಸ್ತೆ ಸಿದ್ಧವಾದದ್ದು ನೇಪಲ್ಸ್‌ನ ಬೂರ್ಬನ್ ದೊರೆಗಳ ಆಳ್ವಿಕೆಯಲ್ಲಿ, 19ನೆಯ ಶತಮಾನದ ನಡುವಿಗೆ.

ಮಕ್ಕಳು, ಹಿರಿಯರು ಜೊತೆಗಿದ್ದರೆ ಕಾರೇ ಸುಖವಲ್ಲವೇ ಎಂದು ಕೇಳಬಹುದು. ಮೆಟ್ಟಿಲು ಏರಲಾಗದವರಿಗೆ ರಸ್ತೆ ನಿಜಕ್ಕೂ ವರ; ಬೆಟ್ಟದ ಮೇಲಿನ ರಾವೆಲ್ಲೋಗೆ ಅದು ಬೇಕೇ ಬೇಕು. ಆದರೆ ಕುದುರೆಗಾಡಿಗಳ ಕಾಲದ ಆ ಇಕ್ಕಟ್ಟಾದ ತಿರುವುಗಳು ಇಂದಿನ ವಾಹನಗಳನ್ನು ತಾಳಲಾರವು. ಬೇಸಿಗೆಯ ದಟ್ಟಣೆ ತಗ್ಗಿಸಲು 2022ರಲ್ಲಿ ಕಾರುಗಳಿಗೆ ಸಮ-ಬೆಸ ನಂಬರಿನ ನಿಯಮ ತರಬೇಕಾಯಿತು. ಆದ್ದರಿಂದ ಒಂದೇ ಊರಿನಲ್ಲಿ ತಂಗಿ, ಪೊಸಿಟಾನೊ, ಅಮಾಲ್ಫಿ, ಸಲೆರ್ನೊಗಳ ನಡುವೆ ಫೆರ್ರಿಯಲ್ಲಿ ಓಡಾಡಿ, ಒಂದು ದಿನವಷ್ಟೇ ರಸ್ತೆಗಿಳಿಯುವುದು ಲೇಸು. 1997ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯೆಂದು ಗೌರವಿಸಿದ ಈ ತೀರವನ್ನು ಅದನ್ನು ಕಟ್ಟಿದವರ ದಾರಿಯಿಂದಲೇ ನೋಡುವುದು ಮಕ್ಕಳಿಗೆ ಕೊಡಬಹುದಾದ ಒಳ್ಳೆಯ ಇತಿಹಾಸ ಪಾಠ.