ಯೀಶಿಂಗಿನ ಮಣ್ಣಿನ ಗಿಂಡಿಗಳು

ಚಹದ ಚರಿತ್ರೆಯನ್ನು ಹೇಳುವವರು ಎಲೆಗೆ ಕೊಡುವಷ್ಟು ಗಮನವನ್ನು ಪಾತ್ರೆಗೆ ಕೊಡುವುದು ಅಪೂರ್ವ. ಈ ಹೊತ್ತು ನಾವು ಪಾತ್ರೆಯ ಕಡೆಯಿಂದಲೇ ಆ ಚರಿತ್ರೆಯನ್ನು ನೋಡೋಣ.

ಚೀನಾದ ಜಿಯಾಂಗ್ಸು ಪ್ರಾಂತದಲ್ಲಿ, ತಾಯಿ ಮಹಾಸರೋವರದ ಪಶ್ಚಿಮಕ್ಕೆ, ಯೀಶಿಂಗ್ ಎಂಬ ಸೀಮೆಯುಂಟು. ಅಲ್ಲಿ ದೊರೆಯುವ ಒಂದು ಬಗೆಯ ಮಣ್ಣಿಗೆ ಜಿಷಾ, ಎಂದರೆ ನೇರಳೆ ಮರಳು, ಎಂದು ಹೆಸರು. ಅದನ್ನು ಕಲ್ಲಿನಂತೆ ಅಗೆದು ತೆಗೆದು, ಬಿಸಿಲು ಮಳೆಗಳಿಗೆ ಒಡ್ಡಿ, ಪುಡಿಮಾಡಿ, ಜರಡಿಯಾಡಿ ನಾದಬೇಕು. ನಮ್ಮ ಕುಂಬಾರರು ತಿಗರಿಯಿಂದಿಳಿಸಿದ ಹಸಿ ಮಡಕೆಯನ್ನು ಬಡಿದು ಹಿಗ್ಗಿಸುವರಷ್ಟೆ. ಯೀಶಿಂಗಿನವರು ತಿಗರಿಯನ್ನೇ ಮುಟ್ಟದೆ, ತಟ್ಟಿದ ಮಣ್ಣಿನ ಪಟ್ಟಿಯನ್ನು ಸುತ್ತಿ, ಒಳಗೆ ಬೆರಳನ್ನಿಟ್ಟು ಹೊರಗೆ ಮರದ ಹಲಗೆಯಿಂದ ಬಡಿಯುತ್ತ ಗಿಂಡಿಯ ಒಡಲನ್ನು ಎಬ್ಬಿಸುವರು. ಮೂತಿಯನ್ನೂ ಹಿಡಿಯನ್ನೂ ಬೇರೆಯಾಗಿ ಮಾಡಿ ಅಂಟಿಸುವರು. ಮೆರುಗಿನ ಲೇಪವಿಲ್ಲ. ಸುಟ್ಟ ಮೇಲೂ ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುವುದರಿಂದ ಚಹದ ಪರಿಮಳವು ಅದರಲ್ಲಿ ನೆಲೆಗೊಳ್ಳುತ್ತದೆಂದು ರಸಿಕರು ಒಂದು ಗಿಂಡಿಯಲ್ಲಿ ಒಂದೇ ಜಾತಿಯ ಎಲೆಯನ್ನು ನೆನೆಸುವರು.

ಈ ಗಿಂಡಿಗೆ ಅವಕಾಶವಾದುದು ಒಂದು ರಾಜಾಜ್ಞೆಯಿಂದ. ಮೊದಲು ಅಚ್ಚೊತ್ತಿದ ಚಹದ ಬಿಲ್ಲೆಯನ್ನು ಅರೆದು ಬಟ್ಟಲಿನಲ್ಲಿ ಕಡೆದು ಕುಡಿಯುತ್ತಿದ್ದರು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿಯು ಅರಮನೆಗೆ ಬಿಲ್ಲೆಗಳನ್ನು ಕಾಣಿಕೆಯಾಗಿ ಒಪ್ಪಿಸುವ ಪದ್ಧತಿಯನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ತರಿಸಿದನು. ಬಿಡಿ ಎಲೆಗೆ ಬಟ್ಟಲು ಸಾಲದು. ನೆನೆಸಲು ಮುಚ್ಚಳವೂ ಮೂತಿಯೂ ಉಳ್ಳ ಪಾತ್ರೆ ಬೇಕಾಯಿತು.

ಆ ಪಾತ್ರೆಯ ಮೊದಲ ಹೆಸರಾಂತ ಕರ್ತೃವು ಒಬ್ಬ ಸೇವಕ. 16ನೆಯ ಶತಮಾನದ ಆದಿಯಲ್ಲಿ ವೂ ಮನೆತನದ ವಿದ್ಯಾವಂತನೊಬ್ಬನು ಜಿನ್‌ಷಾ ದೇವಾಲಯದಲ್ಲಿ ಓದುತ್ತಿದ್ದಾಗ, ಅವನ ಆಳು ಗುಂಗ್‌ಚುನ್ ಅಲ್ಲಿನ ವೃದ್ಧ ಭಿಕ್ಷುವಿನ ಕೆಲಸವನ್ನು ಕದ್ದು ನೋಡಿ, ಅವನು ಕೈತೊಳೆದ ನೀರಿನಲ್ಲಿ ತಂಗಿದ ಮಣ್ಣಿನಿಂದ ಗಿಂಡಿಯನ್ನು ಮಾಡಿದನಂತೆ. ಕಥೆ ಕಥೆಯೇ ಇರಲಿ. ನಾನ್‌ಜಿಂಗಿನಲ್ಲಿ 1533ರ ಒಂದು ಸಮಾಧಿಯಿಂದ ಜಿಷಾ ಗಿಂಡಿಯೊಂದು ದೊರೆತಿರುವುದರಿಂದ ಆ ಕಾಲಕ್ಕೆ ಈ ಕಲೆ ಇದ್ದುದು ನಿಶ್ಚಯ. ಭಿಕ್ಷುವಿನ ಹೆಸರು ಮಾತ್ರ ಉಳಿಯಲಿಲ್ಲ.

ಗುಂಗ್‌ಚುನನದೆಂದು ಹೆಸರಾದ, ಮರದ ಗಂಟಿನಂತಿರುವ ಗಿಂಡಿಯೊಂದು 1920ರ ದಶಕದಲ್ಲಿ ಸೂಚೌ ನಗರದಲ್ಲಿ ಯೀಶಿಂಗಿನವನೇ ಆದ ಚೂ ನಾನ್‌ಚಿಯಾಂಗನ ಕೈಸೇರಿತು. ಅದರ ಮುಚ್ಚಳವು ಹ್ವಾಂಗ್ ಯೂಲಿನ್ ಎಂಬ ಕುಶಲಿಯು ಮಾಡಿದ್ದು. ಅವನು ಒಡಲನ್ನು ಕುಂಬಳವೆಂದು ತಿಳಿದು ಕುಂಬಳದ ತೊಟ್ಟನ್ನೇ ಮಾಡಿಟ್ಟಿದ್ದನು! ಬಳಿಕ ಚಿತ್ರಕಾರ ಹ್ವಾಂಗ್ ಬಿನ್‌ಹುಂಗನು ಅಸಂಗತಿಯನ್ನು ತೋರಿಸಿದ ಮೇಲೆ ಪೈ ಷಿಮಿನ್ ಹೊಸ ಮುಚ್ಚಳವನ್ನು ಮಾಡಿಕೊಟ್ಟನು. ಒಡಲೇ ಗುಂಗ್‌ಚುನನದಲ್ಲವೆಂಬ ತಜ್ಞರೂ ಉಂಟು. ಆ ಸಂದೇಹವು ನಮಗೆ ಅತಿಯೆನಿಸದು. ಏಕೆಂದರೆ 1930ರ ದಶಕದಲ್ಲಿ ಷಾಂಘೈ ನಗರದ ಹಳೆಯ ವಸ್ತುಗಳ ವರ್ತಕರು ಯೀಶಿಂಗಿನ ಕುಶಲಿಗಳಿಗೆ ಸಂಬಳಕೊಟ್ಟು ಪ್ರಾಚೀನರ ಗಿಂಡಿಗಳ ಪ್ರತಿಗಳನ್ನು ಮಾಡಿಸುತ್ತಿದ್ದರು. ಮುಂದೆ ಈ ಕಲೆಯ ಅಗ್ರಗಣ್ಯನೆನಿಸಿದ ಗೂ ಜಿಂಗ್‌ಚೌ (1915–1996) ಕೂಡ ತಾರುಣ್ಯದಲ್ಲಿ ಆ ಕೆಲಸವನ್ನು ಮಾಡಿದವನೇ.

ಹೆಸರಿನ ಪ್ರಶ್ನೆ ಇನ್ನೊಂದು ರೂಪದಲ್ಲಿಯೂ ಬರುವುದು. ನೆರೆಯ ಲೀಯಾಂಗಿನ ಅಧಿಕಾರಿಯಾಗಿದ್ದ ಚೆನ್ ಹುಂಗ್‌ಷೌ (1768–1822) ಕವಿ, ಲಿಪಿಕಾರ. ಅವನು ರೂಪಗಳನ್ನು ಕಲ್ಪಿಸಿದನು. ಯಾಂಗ್ ಪೆಂಗ್‌ನಿಯನ್ ಎಂಬ ಕುಂಬಾರನು ಅವನ್ನು ಮಣ್ಣಿಗೆ ತಂದನು. ಅವುಗಳ ಮೇಲೆ ಪದ್ಯಗಳನ್ನು ಕೊರೆಯಲಾಯಿತು. ಲೋಕವು ಅವನ್ನು ಅಧಿಕಾರಿಯ ಬಿರುದಿನಿಂದ ಮಾನ್‌ಷೆಂಗ್ ಗಿಂಡಿಗಳೆಂದು ಕರೆಯುತ್ತದೆ. ಅಂಥದೊಂದನ್ನು ಮಗುಚಿದರೆ ತಳದಲ್ಲಿ ಚೆನ್ನನ ಅಧ್ಯಯನಮಂದಿರದ ದೊಡ್ಡ ಮುದ್ರೆಯು ಕಾಣುವುದು. ಹಿಡಿಯ ಕೆಳಗೆ, ಬೆರಳು ಮರೆಮಾಡುವಲ್ಲಿ, ಪೆಂಗ್‌ನಿಯನ್ ಎಂಬ ಚಿಕ್ಕ ಮುದ್ರೆ.