ಪಣಂಬೂರು: ಗೊಬ್ಬರ ಹಡಗಿನಲ್ಲಿ ಬಂದಿಳಿಯುವ ಊರು

ಭೂಮಿಗೆ ಬೇಕಾದ ರಂಜಕದ ಶಿಲೆಯನ್ನು ಅಗೆದು ತೆಗೆಯುವಂಥ ದೊಡ್ಡ ಗಣಿ ಕರ್ನಾಟಕದಲ್ಲಿಲ್ಲ. ದೇಶದ ಹೆಸರಾಂತ ಗಣಿ ಇರುವುದು ದೂರದ ಉದಯಪುರದ ಬಳಿ, ಝಾಮರಕೋಟ್ರಾದಲ್ಲಿ. ಕಾಫಿ ತೋಟದವರು ಬಹಳ ಕಾಲ ಮಸ್ಸೂರಿಯ ರಾಕ್ ಫಾಸ್ಫೇಟ್ ತರಿಸಿ ಹಾಕುತ್ತಿದ್ದರು. ಮಲೆನಾಡು, ಕರಾವಳಿಯ ಮಣ್ಣು ಹುಳಿ ಮಣ್ಣು. ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಗಣಿಯಿಲ್ಲದ ನಾಡಿಗೆ ರಂಜಕ ತರುವ ಕೆಲಸ ಮಂಗಳೂರಿನ ಪಕ್ಕದ ಪಣಂಬೂರಿನ ಪಾಲಿಗೆ ಬಂತು.

ಅದಕ್ಕೂ ಮೊದಲು ಇದು ಗದ್ದೆ, ತೆಂಗು, ಮೊಗವೀರರ ದೋಣಿಗಳ ಊರು. ನವಮಂಗಳೂರು ಬಂದರಿಗಾಗಿ ಇಲ್ಲಿನ ಭೂಮಿ ಹೋಯಿತು, ಎಷ್ಟೋ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರದ ಕಡೆ ಹೋಗಿ ಹೊಸದಾಗಿ ಬದುಕು ಕಟ್ಟಿಕೊಂಡವು. ಪಣಂಬೂರಿನ ಕೈಗಾರಿಕಾ ಚರಿತ್ರೆಯನ್ನು ಯಾರೇ ಬರೆದರೂ ಆ ಮನೆಗಳಿಂದಲೇ ಶುರುಮಾಡಬೇಕು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದರನ್ನು ಉದ್ಘಾಟಿಸಿದರು.

ಮರುವರ್ಷವೇ ಬಂದರಿನ ಪಕ್ಕದಲ್ಲಿ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಜರ್ಸ್ ಯೂರಿಯಾ ತಯಾರಿಸಲು ಆರಂಭಿಸಿತು. 1966ರಲ್ಲಿ ನೋಂದಣಿಯಾದಾಗ ಕಂಪನಿಯ ಹೆಸರಿನಲ್ಲಿ ಮಂಗಳೂರಿನ ಬದಲು ಮಲಬಾರ್ ಇತ್ತು. ಊರಿನವರಿಗೆ ಅದು ಬರೀ 'ಎಂಸಿಎಫ್', ರೈತರಿಗೆ 'ಮಂಗಳಾ' ಮೂಟೆ. ಡಿಎಪಿ ಘಟಕ ಬಂದದ್ದು ಎಂಬತ್ತರ ದಶಕದಲ್ಲಿ. ಹಡಗಿನಲ್ಲಿ ಬಂದ ಫಾಸ್ಫಾರಿಕ್ ಆಮ್ಲಕ್ಕೆ ಅಮೋನಿಯಾ ಸೇರಿಸಿದರೆ ಡಿಎಪಿ. ಚೀಲದ ಮೇಲಿನ 18:46 ಎಂದರೆ ನೂರಕ್ಕೆ 18 ಪಾಲು ಸಾರಜನಕ, ರಂಜಕದ ಆಕ್ಸೈಡಿನ ಲೆಕ್ಕದಲ್ಲಿ 46 ಪಾಲು. ನಾಟಿಗೆ ಮುಂಚೆ ಡಿಎಪಿ ಸಿಗದಿದ್ದರೆ ಸೊಸೈಟಿಯ ಮುಂದೆ ಸಾಲು ಏಕೆ ಬೆಳೆಯುತ್ತದೆ ಎಂಬುದು ಬೇಸಾಯ ಮಾಡಿದವರಿಗೆ ಗೊತ್ತು.

ಕಾರ್ಖಾನೆಗೆ ನೀರು ನೇತ್ರಾವತಿಯದು. 2016ರ ಬೇಸಿಗೆಯಲ್ಲಿ ಹೊಳೆ ಬತ್ತಿ ಮಂಗಳೂರಿಗೇ ಕುಡಿಯುವ ನೀರು ಸಾಲದಾದಾಗ ಉತ್ಪಾದನೆ ನಿಂತಿತು. ಗೊಬ್ಬರ ಎಷ್ಟೇ ಅಗತ್ಯವಾದರೂ ಕುಡಿಯುವ ನೀರು ಮೊದಲು ಎಂದದ್ದು ಸರಿಯೇ. ಇಂಧನದ ಕಷ್ಟ ಇನ್ನೂ ಹಳೆಯದು: ದಶಕಗಳ ಕಾಲ ದುಬಾರಿ ನಾಫ್ತಾದಲ್ಲಿ ನಡೆದ ಕಾರ್ಖಾನೆಗೆ ಕೊಚ್ಚಿಯಿಂದ ಸುಮಾರು 450 ಕಿ.ಮೀ. ಕೊಳವೆಯಲ್ಲಿ ಅನಿಲ ಬಂದದ್ದು 2020ರ ಕೊನೆಯ ಹೊತ್ತಿಗೆ.

ಒಡೆತನ ಯುಬಿ ಸಮೂಹದಿಂದ ಜುವಾರಿ ಬಳಗಕ್ಕೆ ದಾಟಿತು. 2024ರಲ್ಲಿ ಅದೇ ಬಳಗದ ಪಾರಾದೀಪ್ ಫಾಸ್ಫೇಟ್ಸ್ ಜೊತೆ ವಿಲೀನಕ್ಕೆ ಎರಡೂ ಕಡೆಯ ಆಡಳಿತ ಮಂಡಳಿಗಳು ಒಪ್ಪಿದವು. ಒಡಿಶಾದ ಆ ಕಂಪನಿ 1981ರಲ್ಲಿ ಹುಟ್ಟಿದ್ದು ಭಾರತ ಸರ್ಕಾರ ಮತ್ತು ನೌರು ಗಣರಾಜ್ಯದ ಪಾಲುದಾರಿಕೆಯಲ್ಲಿ. ನೌರು ಶಾಂತ ಸಾಗರದ 21 ಚದರ ಕಿ.ಮೀ. ದ್ವೀಪ, ಇಪ್ಪತ್ತನೇ ಶತಮಾನದ ಮೊದಲಿನಿಂದಲೂ ರಂಜಕಕ್ಕಾಗಿ ಅಗೆಸಿಕೊಂಡು, ನಡುನೆಲವೆಲ್ಲ ಸುಣ್ಣಕಲ್ಲಿನ ಮೊನೆಗಳಾಗಿ ಉಳಿದ ನಾಡು. 1993ರಲ್ಲಿ ಅದು ಪಾಲು ಬಿಟ್ಟುಕೊಟ್ಟಿತು. 2002ರಲ್ಲಿ ಪಾರಾದೀಪ್ ಕಂಪನಿಗೆ ಜುವಾರಿಯ ಜೊತೆ ಮೊರಾಕ್ಕೊದ ಒಸಿಪಿ ಬಂತು, ಜಗತ್ತಿನ ರಂಜಕ ನಿಕ್ಷೇಪದ ಬಹುಪಾಲು ಇರುವ ದೇಶದ ಕಂಪನಿ ಅದು.