ಕುಲ ಕೇಳದ ಪರೀಕ್ಷೆ

ಪರೀಕ್ಷೆಯೆಂಬ ಮಾತನ್ನು ಕೇಳಿ ಮುಖ ಅರಳಿಸುವವರು ವಿರಳ. ಅದರಲ್ಲಿಯೂ ಸಂಗೀತಕ್ಕೆ, ನೃತ್ಯಕ್ಕೆ ಪರೀಕ್ಷೆಯೆಂದರೆ ರಸಿಕರು ಹುಬ್ಬು ಗಂಟಿಕ್ಕುತ್ತಾರೆ. ತೋಡಿಯನ್ನು ತಕ್ಕಡಿಯಲ್ಲಿಟ್ಟು ತೂಗಲಾದೀತೆ? ಅಭಿನಯಕ್ಕೆ ನೂರಕ್ಕೆ ಇಷ್ಟೆಂದು ಬೆಲೆ ಕಟ್ಟಲಾದೀತೆ? ಪ್ರಶ್ನೆ ಸಾಧುವಾದದ್ದೇ. ಆದರೂ ವರ್ಷ ವರ್ಷವೂ ನಮ್ಮ ನಾಡಿನ ಊರೂರುಗಳಲ್ಲಿ ಸಾವಿರಾರು ಮಕ್ಕಳು ತಂಬೂರಿಯನ್ನೋ ಗೆಜ್ಜೆಯನ್ನೋ ತಬಲವನ್ನೋ ಹಿಡಿದು ಪರೀಕ್ಷೆಯ ಕೊಠಡಿಯ ಹೊರಗೆ ಸಾಲಾಗಿ ಕುಳಿತಿರುತ್ತಾರೆ. ತೇರ್ಗಡೆಯಾದರೆ ಮನೆಯಲ್ಲಿ ಒಂದು ಸಿಹಿ, ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಆಗುವ ಗದ್ದಲದಲ್ಲಿ ನೂರರಲ್ಲೊಂದು ಪಾಲೂ ಇಲ್ಲ. ಈ ಪುಟ್ಟ ಗೆಲವಿನ ಹಿಂದೆ ಒಂದು ದೊಡ್ಡ ಇತಿಹಾಸವಿದೆ ಎಂಬುದು ನನ್ನ ನಂಬಿಕೆ.

ಕಲೆಯನ್ನು ಪರೀಕ್ಷಿಸುವ ಪದ್ಧತಿ ಇಂಗ್ಲಿಷರೊಡನೆ ಬಂದದ್ದೇನೂ ಅಲ್ಲ. ಭರತನ ನಾಟ್ಯಶಾಸ್ತ್ರದಲ್ಲಿಯೇ ಪ್ರಯೋಗದ ಗುಣದೋಷಗಳನ್ನು ನಿರ್ಣಯಿಸುವ ‘ಪ್ರಾಶ್ನಿಕ’ರ ಮಾತು ಬರುತ್ತದೆ. ಯಾವ ವಿಷಯಕ್ಕೆ ಯಾರು ಪ್ರಾಶ್ನಿಕರಾಗಬೇಕು, ತಪ್ಪುಗಳನ್ನು ಹೇಗೆ ಲೆಕ್ಕವಿಡಬೇಕು, ಗೆದ್ದವರಿಗೆ ಪತಾಕೆಯನ್ನು ಹೇಗೆ ಕೊಡಬೇಕು ಎಂಬುದೆಲ್ಲ ಅಲ್ಲಿ ವಿಚಾರಿತವಾಗಿದೆ. ಪರೀಕ್ಷೆ ಹಳೆಯದೇ. ಹೊಸದಾದದ್ದು ಬೇರೊಂದು, ಅದನ್ನು ಕಾಣಬೇಕಾದರೆ ಹಳೆಯ ಕಾವ್ಯಗಳ ಮೂರು ಪರೀಕ್ಷೆಗಳನ್ನು ಒಮ್ಮೆ ನೆನೆಯಬೇಕು.

ಮೊದಲನೆಯದು ಕನ್ನಡಿಗರೆಲ್ಲರೂ ಬಲ್ಲದ್ದು. ಅಸ್ತ್ರವಿದ್ಯೆಯೂ ಒಂದು ಕಾಲಕ್ಕೆ ರಂಗದಲ್ಲಿ ಪ್ರದರ್ಶಿಸುವ ಕಲೆಯೇ ಆಗಿತ್ತಷ್ಟೆ. ದ್ರೋಣನು ತನ್ನ ಶಿಷ್ಯರ ವಿದ್ಯೆಯನ್ನು ಪುರಜನರೆದುರು ಮೆರೆಸಿದ ದಿನ ಕರ್ಣನು ರಂಗಕ್ಕೆ ಬಂದ. ಅರ್ಜುನನು ಮಾಡಿ ತೋರಿದ್ದನ್ನೆಲ್ಲ ತಾನೂ ಮಾಡಿ ತೋರಿದ. ಆಗ ಎದ್ದ ಪ್ರಶ್ನೆ ವಿದ್ಯೆಯದಲ್ಲ. ‘ನಿನ್ನ ಕುಲವೇನು’ ಎಂಬುದು. ವಿದ್ಯೆಯಲ್ಲಿ ಗೆದ್ದವನು ಆ ಒಂದು ಪ್ರಶ್ನೆಗೆ ತಲೆ ತಗ್ಗಿಸಿದ. ಪಂಪನು ಕರ್ಣನಿಗಾಗಿ ಮಿಡಿದದ್ದು ಸುಮ್ಮನಲ್ಲ.

ಎರಡನೆಯದು ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಬರುವುದು. ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಹೆಚ್ಚೆಂದು ಜಗಳ. ಅವರ ಶಿಷ್ಯರನ್ನು ನೋಡಿ ತೀರ್ಮಾನಿಸುವುದೆಂದು ಗೊತ್ತಾಗುತ್ತದೆ. ಪರಿವ್ರಾಜಿಕೆ ಕೌಶಿಕಿಯೇ ಪರೀಕ್ಷಕಿ. ಕೆಲವರಿಗೆ ವಿದ್ಯೆ ತಮ್ಮಲ್ಲಿ ಚೆನ್ನಾಗಿರುತ್ತದೆ, ಕೆಲವರಿಗೆ ಅದನ್ನು ಇನ್ನೊಬ್ಬರಿಗೆ ದಾಟಿಸುವ ಶಕ್ತಿ ಇರುತ್ತದೆ, ಎರಡೂ ಇದ್ದವನೇ ಶ್ರೇಷ್ಠ ಗುರು ಎಂಬ ಅರ್ಥದ ಮಾತನ್ನು ಅವಳ ಬಾಯಿಂದ ಕವಿ ಹೇಳಿಸಿದ್ದಾನೆ. ಇಂದಿನ ಶಿಕ್ಷಕರೂ ಮೆಲುಕು ಹಾಕಬಹುದಾದ ಮಾತು. ಆದರೆ ಈ ಪರೀಕ್ಷೆಯೆಲ್ಲ ವಿದೂಷಕನು ಹೂಡಿದ ಹೂಟ; ಮಾಲವಿಕೆಯನ್ನು ಕಣ್ತುಂಬ ನೋಡಬೇಕೆಂಬುದೊಂದೇ ರಾಜನ ಹಂಬಲ. ಅವಳ ನರ್ತನ ಮುಗಿಯುತ್ತಲೇ ಊಟದ ಹೊತ್ತಾಯಿತೆಂದು ಸಭೆ ಏಳುತ್ತದೆ; ಪಾಪ, ಹರದತ್ತನ ಸರದಿ ಬರುವುದೇ ಇಲ್ಲ! ದಾಸಿಯೆಂದು ತಿಳಿದಿದ್ದ ಮಾಲವಿಕೆ ರಾಜಪುತ್ರಿಯೆಂದು ಹೊರಬಿದ್ದ ಮೇಲೆಯೇ ನಾಟಕ ಸುಖಾಂತವಾಗುವುದು. ಅಲ್ಲಿಯೂ ಕೊನೆಯ ಅಂಕವನ್ನು ಕೊಟ್ಟದ್ದು ಕುಲವೇ.

ಮೂರನೆಯದು ತಮಿಳಿನ ‘ಶಿಲಪ್ಪದಿಕಾರ’ದ ಮಾಧವಿಯದು. ಗಣಿಕೆಯರ ಮನೆಯಲ್ಲಿ ಹುಟ್ಟಿದ ಆ ಹುಡುಗಿ ಏಳು ವರ್ಷ ಅಭ್ಯಾಸ ಮಾಡಿ, ಹನ್ನೆರಡನೆಯ ವಯಸ್ಸಿನಲ್ಲಿ ಚೋಳರಾಜನ ಮುಂದೆ ರಂಗವೇರಿದಳು. ರಂಗದ ಅಳತೆ, ಗುರುಗಳ ಲಕ್ಷಣ, ವಾದ್ಯಗಳ ಅನುಕ್ರಮ ಎಲ್ಲವನ್ನೂ ಇಳಂಗೋ ವಿಸ್ತಾರವಾಗಿ ವರ್ಣಿಸಿದ್ದಾನೆ. ‘ತಲೈಕ್ಕೋಲ್’ ಎಂಬ ಬಿರುದೂ ೧೦೦೮ ಕಳಂಜು ಹೊನ್ನಿನ ಹಾರವೂ ಅವಳಿಗೆ ದೊರೆತವು. ಮುಂದಿನ ಕಥೆಯೇ ಕರುಳು ಹಿಂಡುವಂಥದು. ಆ ಹಾರವನ್ನು ಬೀದಿಯಲ್ಲಿ ಮಾರಲು ಹಿಡಿದರು. ಹಾರವನ್ನು ಕೊಂಡವನಿಗೆ ಮಾಧವಿ. ಕೊಂಡವನು ಕೋವಲನ್. ಏಳು ವರ್ಷದ ಸಾಧನೆಯ ಪ್ರಶಸ್ತಿಪತ್ರವೇ ಬೆಲೆಯ ಚೀಟಿಯಾಯಿತು.

ಒಬ್ಬನಿಗೆ ಕುಲ ಅಡ್ಡ ಬಂದಿತು. ಒಬ್ಬಳನ್ನು ಕುಲ ಉಳಿಸಿತು. ಇನ್ನೊಬ್ಬಳಿಗೆ ಕುಲವೇ ಬೆಲೆ ಕಟ್ಟಿತು. ಕಾವ್ಯಗಳಿಂದ ಚರಿತ್ರೆಗೆ ಬಂದರೂ ಇದರ ನೆರಳು ತಪ್ಪುವುದಿಲ್ಲ. ನಮ್ಮ ವೀಣೆ ಶೇಷಣ್ಣನವರು (೧೮೫೨–೧೯೨೬) ಎಳೆಯ ವಯಸ್ಸಿನಲ್ಲಿಯೇ ಮುಮ್ಮಡಿ ಕೃಷ್ಣರಾಜ ಒಡೆಯರ ಸಮ್ಮುಖದಲ್ಲಿ ಪಲ್ಲವಿ ಹಾಡಿ ದೊರೆಯನ್ನು ಮೆಚ್ಚಿಸಿದರೆಂಬ ಕಥೆ ಮೈಸೂರಿನಲ್ಲಿ ಪ್ರಸಿದ್ಧ. ಅವರು ವೈಣಿಕರ ಮನೆತನದವರು, ಜೊತೆಗೆ ಅಸಾಧಾರಣ ಪ್ರತಿಭೆಯವರು. ಮನೆತನವೂ ಇಲ್ಲದ, ಅಸಾಧಾರಣವೂ ಅಲ್ಲದ, ಹಾಡಬೇಕೆಂಬ ಆಸೆಯೊಂದೇ ಇರುವ ಮಗುವಿಗೆ ಅರಮನೆಯ ಬಾಗಿಲು ಎಲ್ಲಿ ತೆರೆದಿತ್ತು?

ಆ ಬಾಗಿಲನ್ನು ಬೇರೆ ಕಡೆ ತೆರೆದವರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಮುಖ್ಯರು. ೧೮೭೨ರಲ್ಲಿ ಕುರುಂದವಾಡದಲ್ಲಿ ಹುಟ್ಟಿ, ಬಾಲ್ಯದಲ್ಲಿ ಪಟಾಕಿಯ ಅಪಘಾತದಿಂದ ದೃಷ್ಟಿ ಕೆಡಿಸಿಕೊಂಡು, ಮಿರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರಲ್ಲಿ ಕಲಿತವರು. ಸಂಸ್ಥಾನದ ಆಶ್ರಯವನ್ನು ಬಿಟ್ಟು ಹೊರಟು, ದೂರದ ಲಾಹೋರಿನಲ್ಲಿ ೧೯೦೧ರ ಮೇ ೫ರಂದು ಗಾಂಧರ್ವ ಮಹಾವಿದ್ಯಾಲಯವನ್ನು ಆರಂಭಿಸಿದರು. ಬರೋಡೆಯಲ್ಲಿ ೧೮೮೬ರಲ್ಲಿಯೇ ಮೌಲಾಬಕ್ಷರ ಗಾಯನಶಾಲೆ ಇತ್ತು. ಆದರೆ ಅದು ಗಾಯಕವಾಡರ ಆಶ್ರಯದ್ದು. ಪಲುಸ್ಕರರದು ಜನರ ಕಾಣಿಕೆಯಿಂದ ನಡೆದ ಶಾಲೆ. ಅಲ್ಲಿ ತರಗತಿಗಳು, ಸ್ವರಲಿಪಿಯ ಪುಸ್ತಕಗಳು, ಗೊತ್ತಾದ ಪಾಠಕ್ರಮ. ೧೯೦೮ರಲ್ಲಿ ಮುಂಬಯಿಗೆ ಬಂದ ಈ ಸಂಸ್ಥೆಯ ಕಟ್ಟಡ ಮುಂದೆ ಸಾಲಕ್ಕೆ ಹರಾಜಾಯಿತು. ಆದರೆ ಕಟ್ಟಡ ಹೋದರೂ ಪದ್ಧತಿ ಹೋಗಲಿಲ್ಲ. ೧೯೩೧ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರು ಅದೇ ವರ್ಷ ಅಹಮದಾಬಾದಿನಲ್ಲಿ ಕೂಡಿ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಕಟ್ಟಿದರು. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಎಂಬ ಅದರ ಮೆಟ್ಟಿಲುಗಳು ಇಂದು ಧಾರವಾಡ, ಬೆಳಗಾವಿಗಳ ಕಡೆಯ ಮನೆಗಳಲ್ಲಿ ಶಾಲೆಯ ತರಗತಿಗಳ ಹೆಸರಿನಷ್ಟೇ ಬಳಕೆಯವು. ವಕೀಲರಾಗಿದ್ದ ಭಾತಖಂಡೆಯವರು ೧೯೨೬ರಲ್ಲಿ ಲಖನೌದಲ್ಲಿ ಸ್ಥಾಪಿಸಿದ ಸಂಗೀತ ಕಾಲೇಜೂ ಇದೇ ಹಾದಿಯದು.

ಸಮುದ್ರದಾಚೆಯಿಂದಲೂ ಗಾಳಿ ಬೀಸುತ್ತಿತ್ತು. ಲಂಡನ್ನಿನ ಟ್ರಿನಿಟಿ ಕಾಲೇಜು ೧೮೭೭ರಿಂದಲೇ ಹೊರಗಿನ ವಿದ್ಯಾರ್ಥಿಗಳಿಗೆ ಸಂಗೀತದ ಪರೀಕ್ಷೆಗಳನ್ನು ನಡೆಸುತ್ತಿತ್ತು. ಪಿಯಾನೋ ವಾದನದಲ್ಲಿ ನುರಿತಿದ್ದ ಮೈಸೂರಿನ ಜಯಚಾಮರಾಜ ಒಡೆಯರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟರಾದರು. ೧೯೪೫ರಲ್ಲಿ ಟ್ರಿನಿಟಿ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಮನ್ನಿಸಿತು. ವಿದ್ವಾಂಸರನ್ನು ಪರೀಕ್ಷಿಸಿ ಬಿರುದು ಕೊಡುತ್ತಿದ್ದ ಸಿಂಹಾಸನದವರೇ ಬೇರೆಯವರಿಂದ ಪದವಿ ಪಡೆಯುವ ಕಾಲ ಬಂದಿತು. ಕಾಲದ ತಿರುವಿಗೆ ಇದಕ್ಕಿಂತ ಒಳ್ಳೆಯ ಗುರುತು ಬೇಕೆ?

ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಬಹುಕಾಲ ನಡೆಸಿದ್ದು ಪ್ರೌಢಶಿಕ್ಷಣ ಪರೀಕ್ಷಾ ಮಂಡಲಿ. ಗಣಿತ, ವಿಜ್ಞಾನಗಳ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಿದ ಕಚೇರಿಯೇ ಭೈರವಿಗೂ ಭರತನಾಟ್ಯಕ್ಕೂ ಪ್ರವೇಶಪತ್ರ ಕಳಿಸಿತೆಂದು ನಗುವವರು ನಗಲಿ. ಆ ಪ್ರವೇಶಪತ್ರದ ಮೇಲಿನ ನೋಂದಣಿ ಸಂಖ್ಯೆಯೇ ನಾನು ಹೇಳಹೊರಟ ಹೊಸ ಸಂಗತಿ. ಪರೀಕ್ಷಕರ ಮುಂದೆ ಮಗು ಒಂದು ಸಂಖ್ಯೆ. ‘ನೀನು ಯಾರ ಮಗ’ ಎಂದು ಕೇಳದೆ ‘ಯಾವ ವರ್ಣ ಹಾಡುತ್ತೀಯೆ’ ಎಂದು ಕೇಳುವುದು ಈ ಪರೀಕ್ಷೆಯ ಧರ್ಮ. ಕರ್ಣನಿಗೆ ಸಿಕ್ಕದ್ದು ಈ ಪುಟ್ಟ ಚೀಟಿ.

ಈ ಚೀಟಿಯ ಬೆಲೆಯನ್ನು ತಿಳಿಯಲು ಗಂಗೂಬಾಯಿ ಹಾನಗಲ್ಲರ ಬಾಲ್ಯವನ್ನು ನೆನೆಯಬೇಕು. ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದಾಗ ಆಕೆಗೆ ಹನ್ನೊಂದು ವರ್ಷ. ಹಾಡು ತಪ್ಪೀತೆಂಬುದಕ್ಕಿಂತ, ಊಟವಾದ ಮೇಲೆ ಕುಲದ ಕಾರಣದಿಂದ ತನ್ನನ್ನು ಎಲೆ ತೆಗೆಯಲು ಹೇಳಿಯಾರೆಂಬ ಅಳುಕೇ ಆಗ ದೊಡ್ಡದಾಗಿತ್ತೆಂದು ಮುಂದೆ ಆಕೆ ನೆನೆದದ್ದುಂಟು. ಪ್ರಾಥಮಿಕ ಶಾಲೆಗೇ ಓದು ನಿಂತ ಆಕೆಯ ಹೆಸರನ್ನು ಇಂದು ಮೈಸೂರಿನ ಸಂಗೀತ ವಿಶ್ವವಿದ್ಯಾಲಯ ಹೊತ್ತಿದೆ.

ಇಲ್ಲಿಯೇ ಎದುರು ಮಾತೂ ಇದೆ. ಗಂಗೂಬಾಯಿಯವರಾಗಲಿ ಮಲ್ಲಿಕಾರ್ಜುನ ಮನ್ಸೂರರಾಗಲಿ ಪದವಿಪತ್ರದಿಂದ ದೊಡ್ಡವರಾದವರಲ್ಲ, ಗುರುಮುಖದಿಂದ ಆದವರು. ಹೌದು. ಪರೀಕ್ಷೆ ಮಹಾಗಾಯಕರನ್ನು ಹುಟ್ಟಿಸುವುದಿಲ್ಲ. ಪಾಠಪಟ್ಟಿಯಲ್ಲಿರುವಷ್ಟೇ ಕೃತಿಗಳನ್ನು ಗಟ್ಟಿಮಾಡಿ, ಮುಗಿದ ಮರುದಿನವೇ ತಂಬೂರಿಗೆ ಗವಸು ತೊಡಿಸುವ ಮಕ್ಕಳೂ ಉಂಟು. ವಿವಾಹದ ಜಾತಕದೊಡನೆ ಲಗತ್ತಿಸಲೆಂದೇ ಸರ್ಟಿಫಿಕೇಟು ಕೇಳುವ ತಾಯಿತಂದೆಗಳೂ ಉಂಟು. ಮಾಧವಿಯ ಹಾರ ಇನ್ನೂ ಬೀದಿಯಲ್ಲಿಯೇ ಇದೆಯೇನೋ ಎಂದು ಆಗ ಅನ್ನಿಸುತ್ತದೆ. ಅಲ್ಲದೆ ಸಂಖ್ಯೆ ಬರುವುದು ಕೊನೆಯ ದಿನ. ಅದಕ್ಕೆ ಮುಂಚೆ ಗುರುವಿನ ಮನೆಯ ಹೊಸ್ತಿಲು, ಪಾಠದ ಸಂಬಳ, ವೀಣೆಯ ಬೆಲೆ ಇವೆಲ್ಲ ಮಗುವಿನ ಮನೆತನವನ್ನು ಸದ್ದಿಲ್ಲದೆ ಕೇಳಿಯೇ ಕೇಳುತ್ತವೆ. ಕುರುಡ ಮಕ್ಕಳನ್ನೂ ಬಡ ಮಕ್ಕಳನ್ನೂ ಕರೆದು ಅನ್ನವಿಕ್ಕಿ ಸ್ವರ ಕಲಿಸಿದ ಗದುಗಿನ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ದೊಡ್ಡವರೆನ್ನಿಸುವುದು ಇದರಿಂದಲೇ. ಅವರು ತೆರೆದದ್ದು ಆ ಮೊದಲ ಹೊಸ್ತಿಲನ್ನು.

ಹಾಗಾದರೆ ಸಾಮಾನ್ಯ ಮಗುವಿಗೆ ಪರೀಕ್ಷೆ ಕೊಡುವುದೇನು? ಮೆಟ್ಟಿಲುಗಳನ್ನಂತೂ ಪುರಂದರದಾಸರೇ ಕಟ್ಟಿಟ್ಟರೆಂದು ಸಂಪ್ರದಾಯ ಹೇಳುತ್ತದೆ: ಸರಳೆ, ಜಂಟಿ, ಅಲಂಕಾರ, ಗೀತೆ. ಪರೀಕ್ಷೆ ಸೇರಿಸಿದ್ದು ಅಪರಿಚಿತನ ಕಿವಿಯನ್ನು. ತಾಯಿ ಕೇಳುವಾಗ ಅಕ್ಕರೆ ಕೇಳುತ್ತದೆ. ಗುರು ಕೇಳುವಾಗ ನಾಳೆಯ ಪಾಠ ಕೇಳುತ್ತದೆ. ಪರೀಕ್ಷಕ ಇಂದು ಹಾಡಿದಷ್ಟನ್ನೇ ಕೇಳುತ್ತಾನೆ. ಅವನೆದುರು ಗಂಟಲು ಒಣಗಿದರೂ ಶ್ರುತಿ ಬಿಡದೆ, ತಾಳ ತಪ್ಪಿದರೂ ಹಾಡು ನಿಲ್ಲಿಸದೆ ಮುಂದಿನ ಆವರ್ತದಲ್ಲಿ ಹಿಡಿದುಕೊಳ್ಳುವುದನ್ನು ಕಲಿತ ಮಗು ಬೇರೆಯೇ ಆಗಿ ಹೊರಗೆ ಬರುತ್ತದೆ. ಕನ್ನಡ ತರಗತಿಯಲ್ಲಿ ಕುಮಾರವ್ಯಾಸನ ಷಟ್ಪದಿಯನ್ನು ಯಾರು ಓದುವಿರೆಂದು ನಾನು ಕೇಳಿದಾಗ ಹಿಂದಿನ ಬೆಂಚಿನಿಂದ ಮೆಲ್ಲನೆ ಏಳುವವರು ಬಹಳ ಸಲ ಇಂಥ ಮಕ್ಕಳೇ. ಅಂಕಪಟ್ಟಿಯಲ್ಲಿ ಅವರು ಮೊದಲಿಗರಲ್ಲದಿರಬಹುದು. ಆದರೆ ಪದ್ಯ ಎಲ್ಲಿ ಉಸಿರು ಬಯಸುತ್ತದೆಂಬುದು ಅವರಿಗೆ ಗೊತ್ತು, ಹತ್ತು ಜನರೆದುರು ತಮ್ಮ ದನಿಯನ್ನು ತಾವೇ ಕೇಳಿಸಿಕೊಳ್ಳುವ ಧೈರ್ಯ ಗೊತ್ತು.

ಜೂನಿಯರ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗ ಹುಡುಗಿಯರು ನಿಮ್ಮ ನೆರೆಯಲ್ಲಿದ್ದರೆ, ಎಷ್ಟು ಅಂಕ ಬಂತೆಂದು ಕೇಳಿ ಸುಮ್ಮನಾಗಬೇಡಿ. ಒಂದು ಸಂಜೆ ಮನೆಗೆ ಕರೆದು ಚಾಪೆ ಹಾಸಿ, ನಾಲ್ಕು ಜನ ಕುಳಿತು, ಪರೀಕ್ಷೆಗೆ ಹಾಡಿದ್ದನ್ನೇ ಇನ್ನೊಮ್ಮೆ ಹಾಡಿಸಿ ಕೇಳಿ. ಪತಾಕೆಯೂ ಬೇಡ, ಹೊನ್ನಿನ ಹಾರವೂ ಬೇಡ. ಸಂಖ್ಯೆಯಾಗಿ ಗೆದ್ದು ಬಂದ ಮಗುವನ್ನು ಹೆಸರು ಹಿಡಿದು ಕರೆದು, ಕೊನೆಯವರೆಗೂ ಎದ್ದುಹೋಗದೆ ಕೇಳಿದರೆ ಸಾಕು.